ಪುಣೆಯಲ್ಲಿ ಕೂತು ಧಾರವಾಡದ ಕಂಪ್ಯೂಟರ್ ನಡೆಸೋದು

ನಾನಿರೋದು ಪುಣೆಯಲ್ಲಿ, ಅಪ್ಪ-ಅಮ್ಮ ಧಾರವಾಡದಲ್ಲಿ. ಅಲ್ಲಿ ಪ್ರಿಂಟರ್ ಕೈಕೊಟ್ಟರೆ ಫೋನ್ ನನಗೇ. "ಅಪ್ಪಾ, ಎಡಗಡೆ ಮ್ಯಾಲೆ ಒತ್ರಿ" ಅಂತ ಅರ್ಧ ಗಂಟೆ ಹೇಳೋ ಬದಲು, ಈಗ ಇಲ್ಲಿಂದಲೇ ಅವರ ಸ್ಕ್ರೀನ್ ತೆರೆದು ಸರಿಮಾಡ್ತೀನಿ.

ಹಳೆಯ ದಾರಿ ಅಂದ್ರೆ, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ಗಾಗಿ ರೂಟರ್‌ನಲ್ಲಿ 3389 ಪೋರ್ಟ್ ತೆರೆಯೋದು. ಹಾಗೆ ಮಾಡಬೇಡಿ. ತೆರೆದ ಪೋರ್ಟ್ ಹುಡುಕಿ ಪಾಸ್‌ವರ್ಡ್ ಊಹಿಸೋ ಪ್ರೋಗ್ರಾಂಗಳು ಹಗಲು ರಾತ್ರಿ ಓಡ್ತಾ ಇರುತ್ತವೆ. 2019ರಲ್ಲಿ ಹಳೆಯ ವಿಂಡೋಸ್‌ಗಳಲ್ಲಿ ಸಿಕ್ಕ 'ಬ್ಲೂಕೀಪ್' ದೋಷಕ್ಕಂತೂ ಪಾಸ್‌ವರ್ಡೇ ಬೇಕಿರಲಿಲ್ಲ.

ಎನಿಡೆಸ್ಕ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಕೆಲಸ ಮಾಡೋ ರೀತಿ ಬೇರೆ. ಎರಡೂ ಕಂಪ್ಯೂಟರ್‌ಗಳು ತಾವೇ ಹೊರಗೆ ಹೋಗಿ ಕಂಪನಿಯ ಸರ್ವರ್ ಸಂಪರ್ಕಿಸುತ್ತವೆ, ಅದು ಇಬ್ಬರನ್ನೂ ಜೋಡಿಸುತ್ತೆ. ಹಾಗಾಗಿ ರೂಟರ್ ಮುಟ್ಟಬೇಕಿಲ್ಲ.

ಆದ್ರೆ ಈ ಸುಲಭ ಕಳ್ಳರಿಗೂ ಸುಲಭವೇ. "ಬ್ಯಾಂಕಿನಿಂದ ಮಾತಾಡ್ತಿದೀವಿ, ಕೆವೈಸಿ ಬಾಕಿ ಇದೆ" ಅಂತ ಆ್ಯಪ್ ಹಾಕಿಸಿ, ಸ್ಕ್ರೀನ್ ಮೇಲಿನ ನಂಬರ್ ಕೇಳ್ತಾರೆ. ನಂಬರ್ ಹೇಳಿ 'ಒಪ್ಪಿಗೆ' ಒತ್ತಿದರೆ ಒಟಿಪಿ ಕೂಡ ಅವರಿಗೆ ಕಾಣುತ್ತೆ. ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳಿಗೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಅಪ್ಪನಿಗೆ ನಾನು ಹೇಳಿರೋದು ಒಂದೇ ಮಾತು: "ನೀವಾಗಿ ನನಗ ಫೋನ್ ಮಾಡಿದಾಗ ಮಾತ್ರ ನಂಬರ್ ಹೇಳ್ರಿ." ಅಕಸ್ಮಾತ್ ಮೋಸ ಆದ್ರೆ ಮೊದಲು ನೆಟ್ ಆಫ್ ಮಾಡಿ, ಇನ್ನೊಂದು ಫೋನಿಂದ ಬ್ಯಾಂಕಿಗೂ 1930ಕ್ಕೂ ಹೇಳಿ.

ಆಫೀಸ್ ಕಂಪ್ಯೂಟರ್‌ಗೆ ಮಾತ್ರ ಇಂಥ ಆ್ಯಪ್ ನೀವೇ ಹಾಕಬೇಡಿ. ಕಂಪನಿ ಕೊಟ್ಟ ವಿಪಿಎನ್ ಮೂಲಕವೇ ಹೋಗಿ. ಅಲ್ಲಿರೋ ಡೇಟಾ ನಮ್ಮದೊಬ್ಬರದೇ ಅಲ್ವಲ್ಲ.

ಇವತ್ತೇ ಊರಿಗೆ ಫೋನ್ ಮಾಡಿ, ಈ ಮಾತು ಹೇಳಿಬಿಡಿ.