ಹದಿಹರೆಯದ ಓದಿಗೆ ವಿಮರ್ಶಕರೆಲ್ಲಿ?

ಕನ್ನಡ ಸಾಹಿತ್ಯವು ಎಳೆಯ ಮಕ್ಕಳಿಗಾಗಿ ಬರೆದಿದೆ, ವಯಸ್ಕರಿಗಾಗಿ ಧಾರಾಳವಾಗಿ ಬರೆದಿದೆ. ಇವರಿಬ್ಬರ ನಡುವಿನ, 13ರಿಂದ 18ರ ಹರೆಯದ ಓದುಗರನ್ನು ಮಾತ್ರ ಅದು ಅಷ್ಟಾಗಿ ಗಮನಿಸಿಲ್ಲ. ಈ ವಯಸ್ಸಿಗೆ ಕಾಗಕ್ಕ-ಗುಬ್ಬಕ್ಕನ ಕತೆ ಸಾಲದು. ಮಧ್ಯವಯಸ್ಕರ ದಾಂಪತ್ಯದ ಬಿಕ್ಕಟ್ಟು ರುಚಿಸದು. ಇಂಗ್ಲಿಷ್ ಬಲ್ಲವರು ಹ್ಯಾರಿ ಪಾಟರ್, ಹಂಗರ್ ಗೇಮ್ಸ್‌ಗಳತ್ತ ಹೊರಳುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದಂತಹ ಊರುಗಳಲ್ಲಿ ಕನ್ನಡದಲ್ಲೇ ಓದಬಯಸುವ ಹುಡುಗ ಹುಡುಗಿಯರಿಗೆ ಅಂಥದೊಂದು ದಾರಿ ಸುಲಭವಾಗಿ ಕಾಣುವುದಿಲ್ಲ. ಓದಿನ ಅಭ್ಯಾಸ ಕಡಿದುಹೋಗುವುದು ಬಹುಮಟ್ಟಿಗೆ ಇಲ್ಲಿಯೇ.

ಪುಸ್ತಕಗಳ ಕೊರತೆಯಷ್ಟೇ ದೊಡ್ಡದು ವಿಮರ್ಶೆಯ ಕೊರತೆ. ಅದ್ಭುತ ಲೋಕದ ಫ್ಯಾಂಟಸಿ ಅಥವಾ ಕರಾಳ ಭವಿಷ್ಯವನ್ನು ಚಿತ್ರಿಸುವ ಡಿಸ್ಟೋಪಿಯಾ ಕಾದಂಬರಿ ಕೈಗೆ ಬಂದಾಗ ನಮ್ಮ ಹಿರಿಯರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ: ಇದು ನಮ್ಮ ಮಣ್ಣಿನದೇ? ಇದರಿಂದ ಮಕ್ಕಳು ಕಲಿಯಬೇಕಾದ ನೀತಿಯೇನು? ಈ ಪ್ರಶ್ನೆಗಳು ಪುಸ್ತಕದ ಬಾಗಿಲಲ್ಲೇ ನಿಂತುಬಿಡುತ್ತವೆ, ಒಳಗೆ ಕಾಲಿಡುವುದಿಲ್ಲ.

ಮೊದಲ ಪ್ರಶ್ನೆಗೆ ಕಡೂರು ತಾಲ್ಲೂಕಿನಲ್ಲೇ ಉತ್ತರವಿದೆ. ದೇವನೂರಿನವನೆಂದು ಪ್ರಸಿದ್ಧನಾದ ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ ಯಾಗದ ಕುದುರೆ ಒಂದು ಕೊಳದಲ್ಲಿ ಮಿಂದು ಹೆಣ್ಣಾಗುತ್ತದೆ, ಇನ್ನೊಂದರಲ್ಲಿ ಹುಲಿಯಾಗುತ್ತದೆ, ಹೆಂಗಸರೇ ಆಳುವ ಪ್ರಮೀಳೆಯ ನಾಡನ್ನು ಹೊಗುತ್ತದೆ. ಗಮಕಿಗಳ ಕಂಠದಲ್ಲಿ, ಊರಿನ ಜಗಲಿಗಳಲ್ಲಿ ಈ ಕಾವ್ಯವನ್ನು ಕೇಳಿದ ಜನ ಅದ್ಭುತವನ್ನು ಪರಕೀಯವೆಂದು ಭಾವಿಸಲಿಲ್ಲ. ಕುದುರೆಯನ್ನು ಹಿಡಿದ ಕೊಳಕ್ಕಾಗಲಿ ಬಂಡೆಗಾಗಲಿ ಹಿಂದಿನದೊಂದು ಶಾಪದ ಕಾರಣವಿರುತ್ತದೆಂಬುದು ಇಲ್ಲಿ ಗಮನಾರ್ಹ. ಮಾಯೆಗೂ ಒಂದು ಕಟ್ಟಳೆಯುಂಟು. ಹ್ಯಾರಿ ಪಾಟರನ ಲೋಕದಲ್ಲೂ ಅಷ್ಟೇ. ಎಂತಹ ಮಂತ್ರದಂಡವೂ ಸತ್ತವರನ್ನು ಮರಳಿ ತಾರದು. ಆ ಒಂದು ಮಿತಿಯಿಂದಲೇ ತಂದೆತಾಯಿಯಿಲ್ಲದ ಬಾಲಕನ ದುಃಖ ನಿಜವಾಗುತ್ತದೆ. ಆದ್ದರಿಂದ ಫ್ಯಾಂಟಸಿಯ ವಿಮರ್ಶಕ ಮೊದಲು ಕೇಳಬೇಕಾದದ್ದು, ಲೇಖಕ ತಾನೇ ವಿಧಿಸಿಕೊಂಡ ಕಟ್ಟಳೆಯನ್ನು ಕೊನೆಯವರೆಗೂ ಪಾಲಿಸಿದ್ದಾನೆಯೇ ಎಂಬುದನ್ನು. ಬಿಕ್ಕಟ್ಟು ಬಂದಾಗಲೆಲ್ಲ ಹೊಸ ಮಂತ್ರವೊಂದನ್ನು ಸೃಷ್ಟಿಸುವ ಕಾದಂಬರಿ ಓದುಗನಿಗೆ ಮೋಸ ಮಾಡುತ್ತದೆ. ಹದಿನಾಲ್ಕರ ಓದುಗನೂ ಅದನ್ನು ಥಟ್ಟನೆ ಗುರುತಿಸಬಲ್ಲ.

ನೀತಿಯ ಪ್ರಶ್ನೆ ಇದಕ್ಕಿಂತ ಜಟಿಲ. ಕಡೂರಿಗೆ ಹತ್ತಿರದ ಬೀರೂರಿನಲ್ಲಿ ದಸರೆಯ ಸಮಯದಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನಡೆಯುತ್ತದೆ. ನುಡಿಯುವುದು ಒಗಟಿನಂತಹ ಒಂದೆರಡು ಮಾತು ಮಾತ್ರ. ಅದು ಮಳೆಯ ಕುರಿತೋ ಬೆಳೆಯ ಕುರಿತೋ ರಾಜಕಾರಣದ ಕುರಿತೋ ಎಂಬುದನ್ನು ಜನ ಬಳಿಕ ತಮ್ಮ ತಮ್ಮಲ್ಲೇ ಚರ್ಚಿಸುತ್ತಾರೆ, ಪತ್ರಿಕೆಗಳೂ ಚರ್ಚಿಸುತ್ತವೆ. ಡಿಸ್ಟೋಪಿಯಾ ಕಾದಂಬರಿಯನ್ನು ಓದಬೇಕಾದ ಕ್ರಮವೂ ಹೆಚ್ಚುಕಡಿಮೆ ಇದೇ. ಅದು ಮುಂದಾಗುವುದನ್ನು ಕಂಡು ಹೇಳುವ ಜ್ಯೋತಿಷ್ಯವಲ್ಲ. ಈಗಾಗಲೇ ಆಗುತ್ತಿರುವುದನ್ನು ಹಿಗ್ಗಿಸಿ ತೋರಿಸುವ ಎಚ್ಚರಿಕೆ. ಅರ್ಥವು ಕೇಳಿಸಿಕೊಂಡವರ ಚರ್ಚೆಯಲ್ಲಿ ಮೂಡುತ್ತದೆ. ಆ ಚರ್ಚೆಗೇ ವಿಮರ್ಶೆಯೆಂದು ಹೆಸರು.

ಸುಝಾನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ 'ದ ಹಂಗರ್ ಗೇಮ್ಸ್' ಕಾದಂಬರಿಯಲ್ಲಿ 12 ಜಿಲ್ಲೆಗಳು ದುಡಿಯುತ್ತವೆ, ರಾಜಧಾನಿ ಉಣ್ಣುತ್ತದೆ. ಪ್ರತಿ ಜಿಲ್ಲೆಯೂ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಸಾವಿನ ಆಟಕ್ಕೆ ಕಳುಹಿಸಬೇಕು. ಅವರು ಪರಸ್ಪರ ಕೊಲ್ಲುವುದನ್ನು ನಾಡೆಲ್ಲ ದೂರದರ್ಶನದಲ್ಲಿ ನೋಡಬೇಕು. ಇದನ್ನು ಹಿಂಸೆಯೆಂದು ಬದಿಗಿಡುವ ಹಿರಿಯರು ಒಂದು ಮಾತನ್ನು ಮರೆಯುತ್ತಾರೆ. ಒಬ್ಬರ ಸುಖಕ್ಕೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಈ ಮೂರು ತಾಲ್ಲೂಕುಗಳ ಮಕ್ಕಳಿಗೆ ಹೊಸದಲ್ಲ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಿದೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ಕುಟುಂಬಗಳು ಕಾಡು ಬಿಟ್ಟು ಹೊಸ ನೆಲೆ ಕಂಡುಕೊಂಡದ್ದೂ ಇದೇ ತಾಲ್ಲೂಕಿನಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಬಳಿ ಹಾದುಹೋಗುತ್ತದೆ. ಕಡೂರಿನ ಬಯಲು ಮತ್ತೆ ಮತ್ತೆ ಬರವನ್ನು ಕಂಡಿದೆ. ನೀರು ಯಾರದು, ನೆಲ ಯಾರದು, ಬಿಟ್ಟುಹೋಗಬೇಕಾದವರು ಯಾರು ಎಂಬುದೇ ಇಲ್ಲಿಯ ಡಿಸ್ಟೋಪಿಯಾದ ವಸ್ತು. ಅದನ್ನು ಅಮೆರಿಕದ ಕಾಲ್ಪನಿಕ ಜಿಲ್ಲೆಗಳಿಂದ ಎರವಲು ತರಬೇಕಾಗಿಲ್ಲ.

ಈ ದಾರಿಯನ್ನು ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ ತೋರಿಸಿದ್ದರು. 1980ರ 'ಕರ್ವಾಲೊ'ದಲ್ಲಿ ಹಾರುವ ಓತಿಯ ಬೆನ್ನುಹತ್ತಿದ ತಂಡದ ಕತೆ ಅದ್ಭುತಕ್ಕೂ ವಿಜ್ಞಾನಕ್ಕೂ ನಡುವಿನ ಬೇಲಿಯನ್ನೇ ಕಿತ್ತೊಗೆಯಿತು. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಚಿದಂಬರ ರಹಸ್ಯ'ದಲ್ಲಿ ಜಾತಿ, ಮತ, ಲೋಭಗಳ ನಡುವೆ ಪ್ರೀತಿಸಿದ ತರುಣ ತರುಣಿಯರ ಸುತ್ತ ಬೆಂಕಿ ಆವರಿಸಿಕೊಳ್ಳುತ್ತದೆ. ಹದಿಹರೆಯದವರಿಗೆಂದೇ ಬರೆದವಲ್ಲ ಇವು. ಆದರೂ ಹದಿಹರೆಯದವರು ಇವನ್ನು ತಮ್ಮದಾಗಿಸಿಕೊಂಡರು. ತೇಜಸ್ವಿ ಎಂದೂ ಓದುಗನನ್ನು ಕಿರಿಯನೆಂದು ಭಾವಿಸಿ ಮಾತನ್ನು ಮೆದುಗೊಳಿಸಲಿಲ್ಲ. ವಿಮರ್ಶೆ ಹುಡುಕಬೇಕಾದ ಎರಡನೆಯ ಗುಣ ಇದು.

ಆಶಾದಾಯಕ ಸೂಚನೆಗಳು ಇಲ್ಲದಿಲ್ಲ. ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ 2021ರಲ್ಲಿ ಬಸು ಬೇವಿನಗಿಡದರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಕೃತಿಗಳಿಗೆ ಸಂದಿತು. ಹೀಗೆ ಸಾಲಾಗಿ ಮೂರು ವರ್ಷ ಕಾದಂಬರಿಗಳೇ ಮನ್ನಣೆ ಪಡೆದವು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಬಾಗಿಲು ತೆರೆದಿದೆ, ಒಳಗೆ ಬಂದ ಹದಿನೈದರ ಹುಡುಗಿಯ ಕೈಗೆ ಯಾವ ಪುಸ್ತಕ ಕೊಡಬೇಕೆಂದು ಗ್ರಂಥಪಾಲಕರಿಗೆ ತಿಳಿಸುವವರು ಬೇಕು.

ಪ್ರಶಸ್ತಿಯ ಸುದ್ದಿ ಆ ಕೆಲಸ ಮಾಡಲಾರದು. ಒಳ್ಳೆಯದನ್ನು ಏಕೆ ಒಳ್ಳೆಯದೆಂದು, ಸಡಿಲವಾದದ್ದನ್ನು ಎಲ್ಲಿ ಸಡಿಲವೆಂದು ವಿವರಿಸಿ ಹೇಳುವ ವಿಮರ್ಶೆ ಬೇಕು. ಪತ್ರಿಕೆಗಳ ಪುಸ್ತಕ ಪುಟಗಳು ಹದಿಹರೆಯದ ಕಾದಂಬರಿಗೆ ತಿಂಗಳಿಗೊಮ್ಮೆಯಾದರೂ ಪೂರ್ಣ ಲೇಖನದ ಗೌರವ ಕೊಡಲಿ. ಶಾಲೆಗಳಲ್ಲಿ ಸಾರಾಂಶ ಬರೆಸುವ ಬದಲು ವಿದ್ಯಾರ್ಥಿಗಳಿಂದಲೇ ವಿಮರ್ಶೆ ಬರೆಸಲಿ. 'ಈ ಕತೆ ನನಗೆ ಹಿಡಿಸಲಿಲ್ಲ, ಏಕೆಂದರೆ' ಎಂದು ಶುರುಮಾಡಿ ಕಾರಣ ಕೊಡಬಲ್ಲ ವಿದ್ಯಾರ್ಥಿ ನೂರು ಅಂಕದ ಉತ್ತರ ಬರೆದವನಿಗಿಂತ ಹೆಚ್ಚು ಓದಿದ್ದಾನೆ. ಅಂತಹ ಓದುಗರು ಕಾದಿದ್ದಾರೆಂದು ತಿಳಿದರೆ ಬರೆಯುವವರೂ ಮುಂದೆ ಬರುತ್ತಾರೆ. ಕೆಟ್ಟ ನಾಳೆಯೊಂದನ್ನು ತನ್ನ ನುಡಿಯಲ್ಲಿ ಕಲ್ಪಿಸಿಕೊಂಡು ಪ್ರಶ್ನಿಸಬಲ್ಲ ತಲೆಮಾರಿಗೆ, ಅದು ನಿಜವಾಗಿ ಬಾಗಿಲಿಗೆ ಬಂದಾಗ ಗುರುತು ಹಿಡಿಯುವುದೂ ತಿಳಿದಿರುತ್ತದೆ.