ಅಪರಿಮಿತ ಕರೆಯ ಪರಿಮಿತಿ

ಕಾವೇರಿಯು ಕೊಡಗನ್ನು ಬೀಳ್ಕೊಂಡು ಮುಂದೆ ಸಾಗುವ ಶಿರಂಗಾಲದಿಂದ, ನೆರೆಯ ಕೊಣನೂರಿಗಾಗಲಿ ದೂರದ ದೆಹಲಿಗಾಗಲಿ ಅನ್‌ಲಿಮಿಟೆಡ್ ಪ್ಯಾಕಿನಲ್ಲಿ ಸಂಭಾಷಿಸುವವರಿಗೆ ಪ್ರತ್ಯೇಕ ಶುಲ್ಕವಿಲ್ಲವಾದರೂ, ಕೊಲ್ಲಿ ರಾಷ್ಟ್ರದಲ್ಲಿರುವ ಬಂಧುವಿಗೆ ನೇರವಾಗಿ ಕರೆಮಾಡಿದೊಡನೆ ಆ ಸೌಲಭ್ಯವು ಸಾಮಾನ್ಯವಾಗಿ ಅನ್ವಯಿಸದೆ, ನಿಮಿಷದ ಲೆಕ್ಕದಲ್ಲಿ ಐಎಸ್‌ಡಿ ದರವು ತಗಲುವುದು. ಪ್ರೀಪೇಯ್ಡ್ ಆದಲ್ಲಿ ಬ್ಯಾಲೆನ್ಸು ಕರಗುವುದು. ಪೋಸ್ಟ್‌ಪೇಯ್ಡ್ ಆದಲ್ಲಿ ಬಿಲ್ಲು ಬೆಳೆಯುವುದು. +91 ಅಲ್ಲದ ವಿದೇಶೀ ಸಂಕೇತದಿಂದ ಬಂದ ಅಪರಿಚಿತ ಮಿಸ್ಡ್ ಕಾಲಿಗೆ ಮರುಕರೆ ಮಾಡಿದವರಿಗೂ ಇದೇ ಗತಿ.

ಇದಲ್ಲದೆ, ಬೇಡದ ಕಾಲರ್ ಟ್ಯೂನಿನಂತಹ ಸೇವೆಗೆ ಹಣ ಕಡಿತವಾಗುತ್ತಿದ್ದರೆ, 155223 ಎಂಬ ಉಚಿತ ಸಂಖ್ಯೆಯ ಮೂಲಕ ಅದನ್ನು ಸ್ಥಗಿತಗೊಳಿಸಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ಗ್ರಾಹಕ ಸಂರಕ್ಷಣಾ ನಿಯಮಗಳನ್ವಯ, ಪ್ರೀಪೇಯ್ಡ್ ಗ್ರಾಹಕನೂ ಗರಿಷ್ಠ 50 ರೂಪಾಯಿ ತೆತ್ತು, ಹಿಂದಿನ 6 ತಿಂಗಳೊಳಗಿನ ಬಳಕೆಯ ವಿವರವಾದ ಲೆಕ್ಕವನ್ನು ಕೇಳಿ ಪಡೆಯಲು ಅರ್ಹನು. ವಿದೇಶಕ್ಕೆ ಕರೆಮಾಡುವ ಮುನ್ನ ದರವನ್ನು ವಿಚಾರಿಸಿಕೊಳ್ಳುವುದು ವಿಹಿತ.