ಕೆತ್ತನೆಯ ನಡುವೆ ನಿಂತ ಯಂತ್ರ

ಸಾಗುವಾನಿ ಬಾಗಿಲಿನ ಮೇಲೆ ಹೂಬಳ್ಳಿಯೊಂದು ಅರ್ಧ ಮೂಡಿರುವಾಗಲೇ ಸಿಎನ್‌ಸಿ ರೂಟರ್ ಸ್ತಬ್ಧವಾಗಿ, ಸ್ಪಿಂಡಲ್ ಮಾತ್ರ ಒಂದೇ ಎಡೆಯಲ್ಲಿ ತಿರುಗುತ್ತಿದ್ದರೆ, ತುರ್ತು ಗುಂಡಿಯನ್ನೊತ್ತಿ ಮೊದಲು ಅದನ್ನು ನಿಲ್ಲಿಸಿರಿ. ನಿಂತಲ್ಲೇ ಸುತ್ತುವ ಬಿಟ್ ಮರವನ್ನು ಕಪ್ಪಾಗಿಸುವುದಲ್ಲದೆ ಬೆಂಕಿಗೂ ಕಾರಣವಾದೀತು.

ಬಳಿಕ ಪರದೆಯನ್ನು ನೋಡಿರಿ. ಅಲ್ಲಿ ಸಂಪರ್ಕವೇ ಕಡಿದಿದ್ದರೆ ಸಂದೇಹವು ಯುಎಸ್‌ಬಿ ಕೇಬಲಿನ ಮೇಲಿರಲಿ: ಧೂಳೆಳೆಯುವ ಪ್ಲಾಸ್ಟಿಕ್ ಕೊಳವೆಯೊಳಗೆ ಒಣಹೊಟ್ಟು ಉಜ್ಜುತ್ತ ಹರಿಯುವಾಗ ಹುಟ್ಟುವ ಸ್ಥಿರವಿದ್ಯುತ್ತೂ, ಸ್ಪಿಂಡಲಿನ ತಂತಿಯಿಂದ ಹೊಮ್ಮುವ ವಿದ್ಯುತ್ ಕ್ಷೋಭೆಯೂ ಆ ಕೇಬಲಿನೊಳಗೆ ನುಸುಳಿ ಆಜ್ಞಾಪ್ರವಾಹವನ್ನು ಕೆಡಿಸುತ್ತವೆ. ಕೊಳವೆಗೆ ತಾಮ್ರದ ತಂತಿ ಸುತ್ತಿ ಅರ್ಥಿಂಗ್ ಮಾಡಿ, ಗಿಡ್ಡನೆಯ ಶೀಲ್ಡೆಡ್ ಯುಎಸ್‌ಬಿ ಕೇಬಲನ್ನು ಸ್ಪಿಂಡಲಿನ ತಂತಿಯಿಂದ ದೂರವೇ ಎಳೆಯಿರಿ. ಇಷ್ಟನ್ನೂ ಪರೀಕ್ಷಿಸದೆ ಕಂಟ್ರೋಲರ್ ಬೋರ್ಡನ್ನೇ ಬದಲಿಸಹೊರಡುವುದು ನನ್ನ ಮತದಲ್ಲಿ ವ್ಯರ್ಥವ್ಯಯ.

ಪುನರಾರಂಭಕ್ಕೆ ಮುನ್ನ ಹೋಮಿಂಗ್ ಮಾಡಿರಿ. ಮೂಲಬಿಂದು ಕೂದಲೆಳೆಯಷ್ಟು ಸರಿದರೂ ಬಳ್ಳಿಯ ಎರಡು ತುದಿಗಳು ಕೂಡಲಾರವು.